ಮೊಳಕೆಯ ಸಿರಿ

ಆಟವನ್ನು ಆಡುವವರು ಹನ್ನೊಂದು ಮಂದಿ. ಅವರನ್ನು ಆಯ್ದುಕೊಡುವವರು ಊರಿನವರೆಲ್ಲರೂ. ರಾಜ್ಯದ ತಂಡವೋ ರಾಷ್ಟ್ರದ ತಂಡವೋ ಪ್ರಕಟವಾದ ಮರುದಿನ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ, ಅಗಸಿಯ ಕಟ್ಟೆಯ ಮೇಲೆ, ಬಸ್ಸಿನ ನಿಲ್ದಾಣದಲ್ಲಿ ಮತ್ತೊಂದು ಆಯ್ಕೆ ಸಮಿತಿಯು ತಾನೇ ತಾನಾಗಿ ಸೇರುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ಸಂಬಳವಿಲ್ಲ, ಸಭೆಯ ವೇಳೆಗೆ ಮಿತಿಯೂ ಇಲ್ಲ. “ಇವನನ್ನು ಬಿಟ್ಟು ಅವನನ್ನು ತಕ್ಕೊಂಡರಲ್ಲ, ಇವರಿಗೆ ಕಣ್ಣಿಲ್ಲವೇನು?” ಎಂದು ಒಬ್ಬನು ಕೇಳಿದರೆ, “ಇರಲಿ ತಡಿಯೋ, ಆ ಹುಡುಗ ಎರಡು ವರ್ಷದಲ್ಲಿ ಹೆಂಗೆ ಆಗ್ತಾನೆ ನೋಡು” ಎಂದು ಇನ್ನೊಬ್ಬನು ಸವಾಲು ಹಾಕುತ್ತಾನೆ. ತುಂಗಭದ್ರೆಯ ದಡದ ಚೀಕಲಪರ್ವಿಯಿಂದ ಹಿಡಿದು ಬೆಂಗಳೂರಿನವರೆಗೆ ಈ ಸಮಿತಿಯ ಶಾಖೆಯಿಲ್ಲದ ಊರು ನಮ್ಮ ನಾಡಿನಲ್ಲಿ ದೊರೆಯಲಾರದು.

ಈ ವಾದವನ್ನು ಕೆಲಸವಿಲ್ಲದವರ ಕಾಲಹರಣವೆಂದು ತಳ್ಳಿಹಾಕುವವರುಂಟು. ನಾನು ಅವರ ಪಕ್ಷದವನಲ್ಲ. ಆಟಗಾರರ ಆಯ್ಕೆಯನ್ನು ಕುರಿತ ಚರ್ಚೆಯು ಹೊರನೋಟಕ್ಕೆ ಆಟದ ಚರ್ಚೆಯಾದರೂ, ಒಳಗೆ ಅದು ಮನುಷ್ಯನ ಶಕ್ತಿಯನ್ನು ಮನುಷ್ಯನು ಹೇಗೆ ಅಳೆಯಬೇಕೆಂಬ ಚರ್ಚೆಯಾಗಿದೆ. ಇಂದು ಕಾಣುವ ಸಾಮರ್ಥ್ಯವೊಂದು. ನಾಳೆ ಬರಬಹುದಾದ ಸಾಮರ್ಥ್ಯವೊಂದು. ಮೊದಲನೆಯದನ್ನು ಕಣ್ಣು ಕಾಣುತ್ತದೆ. ಎರಡನೆಯದನ್ನು ಊಹೆ ಕಾಣುತ್ತದೆ. ಕಣ್ಣು ಕಂಡದ್ದನ್ನೂ ಊಹೆ ಕಂಡದ್ದನ್ನೂ ಒಂದೇ ಎಂದು ಬಗೆದಾಗ ಅನ್ಯಾಯವು ಹುಟ್ಟುತ್ತದೆ. ಆ ಅನ್ಯಾಯದ ಭಾರವು ವಾದಿಸುವವರ ಮೇಲೆ ಬೀಳದೆ, ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಮೇಲೆ ಬೀಳುತ್ತದೆ. ಆದ್ದರಿಂದ ಈ ವಿಷಯವನ್ನು ನಿಮ್ಮ ವಯಸ್ಸಿನವರ ಮುಂದೆ ಎತ್ತುವುದು ಅವಶ್ಯವೆಂದು ನನಗೆ ತೋರುತ್ತದೆ.

ಹೊಸ ಆಟಗಾರರನ್ನು ಆಯ್ದುಕೊಳ್ಳುವುದನ್ನೇ ಒಂದು ಹಬ್ಬವನ್ನಾಗಿ ಮಾಡಿಕೊಂಡ ನಾಡೊಂದಿದೆ. ಉತ್ತರ ಅಮೆರಿಕದಲ್ಲಿ ಮಂಜುಗಡ್ಡೆಯ ಅಂಗಳದ ಮೇಲೆ ಹಾಕಿಯಾಡುವ ದೊಡ್ಡ ಸಂಘಗಳು 1963ರಿಂದ ವರ್ಷಕ್ಕೊಮ್ಮೆ ಸೇರಿ, ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಕೆಳಗುಳಿದ ತಂಡಗಳಿಗೆ ಮುಂದಿನ ಸರದಿ ದೊರೆಯುವಂತೆ ಏರ್ಪಾಡಿದೆ. ಬಲಹೀನನಿಗೆ ಬಲ ಬರಲಿ ಎಂಬುದು ಅದರ ತತ್ತ್ವ. ಈಗ ಅಲ್ಲಿ 32 ತಂಡಗಳು ಏಳು ಸುತ್ತುಗಳಲ್ಲಿ 224 ಆಟಗಾರರನ್ನು ಆರಿಸುತ್ತವೆ. ಆಯ್ಕೆಯಾಗುವವರಲ್ಲಿ ಹೆಚ್ಚಿನವರ ವಯಸ್ಸು ಹದಿನೆಂಟರ ಆಸುಪಾಸು. ಯಾವ ಹುಡುಗನು ಮುಂದೆ ಎಂಥ ಆಟಗಾರನಾದಾನು ಎಂದು ಅಲ್ಲಿನ ಅಭಿಮಾನಿಗಳು ತಿಂಗಳುಗಟ್ಟಲೆ ವಾದಿಸುತ್ತಾರೆ. ಆ ಹುಡುಗರ ಎತ್ತರ, ತೂಕ, ವೇಗಗಳೆಲ್ಲವೂ ಅವರ ನಾಲಗೆಯ ತುದಿಯಲ್ಲಿರುತ್ತವೆ.

ಇಷ್ಟೆಲ್ಲ ಲೆಕ್ಕಾಚಾರದ ಫಲವೇನು? 1993ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಅಲೆಕ್ಸಾಂಡರ್ ಡೇಗ್ ಎಂಬ ತರುಣ. ಅವನ ಮೇಲೆ ಹೊರಿಸಿದ್ದ ನಿರೀಕ್ಷೆಯ ಎತ್ತರವನ್ನು ಅವನ ಆಟವು ಎಂದೂ ಮುಟ್ಟಲಿಲ್ಲ. ಆ ವರ್ಷ ಎರಡನೆಯವನಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಮುಂದೆ 2000ದಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದನು. ಇದಕ್ಕಿಂತಲೂ ಬೆರಗಿನ ಸಂಗತಿಯೊಂದಿದೆ. ಡೆಟ್ರಾಯಿಟ್ ನಗರದ ತಂಡವು 1998ರಲ್ಲಿ ಪಾವೆಲ್ ಡಟ್ಸ್ಯುಕ್ ಎಂಬ ರಷ್ಯದ ಹುಡುಗನನ್ನು 171ನೆಯ ಸ್ಥಾನದಲ್ಲಿಯೂ, 1999ರಲ್ಲಿ ಹೆನ್ರಿಕ್ ಜೆಟರ್‌ಬರ್ಗ್ ಎಂಬ ಸ್ವೀಡನ್ನಿನ ಹುಡುಗನನ್ನು 210ನೆಯ ಸ್ಥಾನದಲ್ಲಿಯೂ ಆರಿಸಿಕೊಂಡಿತು. 2008ರಲ್ಲಿ ಆ ತಂಡವು ಲೀಗಿನ ಪರಮೋಚ್ಚ ಬಟ್ಟಲನ್ನು ಗೆದ್ದಾಗ ಅದರ ಮುಂಚೂಣಿಯಲ್ಲಿದ್ದವರು ಇವರಿಬ್ಬರೇ. ನೂರಾರು ಸಲ ಪಂಡಿತರ ಕಣ್ಣು ಇವರ ಮೇಲಿಂದ ಹಾದುಹೋಗಿತ್ತು, ಕಂಡಿರಲಿಲ್ಲ.

ದೂರದ ಮಾತೇಕೆ? ನಮ್ಮ ನಾಡಿನ ಅಭಿಮಾನಿಗಳು ಇಂದಿಗೂ ಬಿಡದೆ ಹೇಳುವ ಕಥೆಯೊಂದಿದೆ. 2008ರ ಮಾರ್ಚಿ ತಿಂಗಳಲ್ಲಿ ಭಾರತದ ಹತ್ತೊಂಬತ್ತು ವರ್ಷದೊಳಗಿನ ಕ್ರಿಕೆಟ್ ತಂಡವು ಕೌಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದುಬಂದಿತು. ಅದೇ ವರ್ಷ ಪ್ರಾರಂಭವಾಗಲಿದ್ದ ಐ.ಪಿ.ಎಲ್. ಪಂದ್ಯಾವಳಿಗಾಗಿ ಆ ಹುಡುಗರನ್ನು ತಂಡಗಳಿಗೆ ಸರದಿಯಂತೆ ಹಂಚಲಾಯಿತು. ಆ ಹಂಚಿಕೆಯಲ್ಲಿ ದೆಹಲಿಯ ತಂಡವು ತನ್ನ ಊರಿನವನೇ ಆದ ನಾಯಕ ವಿರಾಟ್ ಕೊಹ್ಲಿಯನ್ನು ಬಿಟ್ಟು, ತನ್ನ ಊರಿನವನೇ ಆದ ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನನನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದನು. ಮುಂದೆ ನಡೆದುದನ್ನು ನಿಮಗೆ ಹೇಳಬೇಕಾಗಿಲ್ಲ. ಆತನು ಒಮ್ಮೆಯೂ ತಂಡವನ್ನು ಬದಲಿಸಲಿಲ್ಲ. ಹದಿನೆಂಟನೆಯ ಪಂದ್ಯಾವಳಿಯಲ್ಲಿ, 2025ರ ಜೂನ್ 3ರಂದು, ಬೆಂಗಳೂರು ಮೊದಲ ಬಾರಿಗೆ ಆ ಕಪ್ಪನ್ನು ಎತ್ತಿದಾಗ ಆತನೂ ತಂಡದಲ್ಲಿದ್ದನು.

“ದೆಹಲಿಯವರಿಗೆ ಬುದ್ಧಿಯಿರಲಿಲ್ಲ” ಎಂದು ಈ ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ಇದು ನ್ಯಾಯವಾದ ತೀರ್ಪೇ? ಅಂದು ದೆಹಲಿಯ ತಂಡದಲ್ಲಿ ಸೆಹವಾಗ್, ಗಂಭೀರ್, ಡಿವಿಲಿಯರ್ಸ್ ಮೊದಲಾದ ಬ್ಯಾಟುಗಾರರು ತುಂಬಿದ್ದರು. ಬೌಲರನನ್ನು ಬಯಸಿದ್ದರಲ್ಲಿ ಅಸಂಗತವಾದುದೇನೂ ಇರಲಿಲ್ಲ. ಸಾಂಗ್ವಾನನೂ ವಿಶ್ವಕಪ್ ಗೆದ್ದ ತಂಡದಲ್ಲಿದ್ದವನೇ. ಫಲವು ಕೈಗೆ ಬಂದ ಮೇಲೆ ಬಿತ್ತಿದವನ ಬುದ್ಧಿಯನ್ನು ಹೊಗಳುವುದೂ ತೆಗಳುವುದೂ ಸುಲಭ. ಒಂದು ನಿರ್ಣಯವನ್ನು ಅಳೆಯಬೇಕಾದರೆ, ಅದನ್ನು ಮಾಡಿದಾಗ ಮಾಡಿದವರಿಗೆ ತಿಳಿದಿದ್ದುದೇನು ಎಂಬುದರಿಂದ ಅಳೆಯಬೇಕಲ್ಲದೆ, ಹದಿನೇಳು ವರ್ಷಗಳ ಅನಂತರ ನಮಗೆ ತಿಳಿದುದರಿಂದ ಅಳೆಯಬಾರದು. ಕಟ್ಟೆಯ ಮೇಲಿನ ವಾದಗಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲ ದೋಷವಿದು: ನಾವು ಹಿಂದಿರುಗಿ ನೋಡುತ್ತಿದ್ದರೂ ಮುಂದೆ ನೋಡಿದ್ದೆವೆಂದು ಭ್ರಮಿಸುತ್ತೇವೆ.

ಎರಡನೆಯ ದೋಷವೆಂದರೆ ಬೆಲೆಯನ್ನೇ ಯೋಗ್ಯತೆಯೆಂದು ಬಗೆಯುವುದು. 2017ರ ಅನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ ಪಂದ್ಯಾವಳಿಯನ್ನು ಮತ್ತೆ ಪ್ರಾರಂಭಿಸುವುದಕ್ಕಾಗಿ 2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಟಗಾರರ ಹರಾಜು ನಡೆಯಿತು. ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗನಿಗೆ 78 ಲಕ್ಷ ರೂಪಾಯಿ ಬಂದಿತು; ಆ ಹರಾಜಿನಲ್ಲಿ ಕೂಗು ಪ್ರಾರಂಭವಾಗುವ ಕನಿಷ್ಠ ಬೆಲೆ 2 ಲಕ್ಷ ರೂಪಾಯಿ. ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ ಊರಿನ ಹೆಸರು ಹೊತ್ತ ತಂಡವೊಂದೂ ಇರಲಿಲ್ಲ. ಹರಾಜಿನ ಬೆಲೆಯು ಆ ದಿನ, ಆ ಕೋಣೆಯಲ್ಲಿ, ಆ ತಂಡಗಳ ಅಗತ್ಯಕ್ಕೆ ಬಂದ ಬೆಲೆ. ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿಯ ಧಾರಣೆಯು ಬೆಳಿಗ್ಗೆ ಒಂದಾಗಿ ಸಂಜೆ ಒಂದಾದರೆ, ಹತ್ತಿಯ ಎಳೆ ಮಧ್ಯಾಹ್ನದಲ್ಲಿ ಬದಲಾಯಿತೆಂದು ಯಾವ ರೈತನೂ ನಂಬುವುದಿಲ್ಲ. ಆಟಗಾರನ ವಿಷಯದಲ್ಲಿ ಮಾತ್ರ ನಾವು ಹಾಗೆ ನಂಬುತ್ತೇವೆ.

ಮೂರನೆಯ ದೋಷವು ಇವೆರಡಕ್ಕಿಂತಲೂ ಆಳವಾದುದು. “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಗಾದೆ ಸುಳ್ಳಲ್ಲ, ಆದರೆ ಎಲ್ಲ ಮೊಳಕೆಗಳಿಗೂ ಅದು ಒಂದೇ ಸಮನಾಗಿ ಸಲ್ಲುವುದಿಲ್ಲ. ಮಾನ್ವಿ, ದೇವದುರ್ಗಗಳ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆಯ ಸಾಲುಗಳ ನಡುವೆ ತೊಗರಿಯನ್ನು ಬಿತ್ತುವುದನ್ನು ನೀವು ನೋಡಿರಬಹುದು. ಎರಡು ತಿಂಗಳು ಕಳೆದ ಮೇಲೆ ಹೊಲಕ್ಕೆ ಹೋಗಿ ನೋಡಿದರೆ ಸಜ್ಜೆ ಆಳುದ್ದ ಬೆಳೆದು ತೆನೆ ಹೊತ್ತು ತೂಗುತ್ತಿರುತ್ತದೆ. ತೊಗರಿಯು ಅದರ ನೆರಳಿನಲ್ಲಿ ಬಡಕಲಾಗಿ ನಿಂತಿರುತ್ತದೆ. ಬೇಸಾಯವನ್ನರಿಯದವನು ತೊಗರಿಯನ್ನು ಕಿತ್ತೆಸೆಯಲು ಹೇಳಿಯಾನು. ರೈತನು ಹೇಳುವುದಿಲ್ಲ. ಸಜ್ಜೆಯ ಕಟಾವಾದ ಮೇಲೆ ತೊಗರಿಗೆ ಬಿಸಿಲೂ ಬಯಲೂ ದೊರೆತು, ಅದು ಕವಲೊಡೆದು ಹೂವಾಗಿ ಕಾಯಾಗಿ ಮನೆಯ ಕಣಜವನ್ನು ತುಂಬುತ್ತದೆ. ಸಜ್ಜೆಗೆ ಸಜ್ಜೆಯ ಕಾಲ, ತೊಗರಿಗೆ ತೊಗರಿಯ ಕಾಲ.

ಮಕ್ಕಳ ವಿಷಯದಲ್ಲಿ ಇದು ಕೇವಲ ಹೋಲಿಕೆಯಲ್ಲ. ಲೆಕ್ಕಕ್ಕೆ ಸಿಕ್ಕಿರುವ ಸತ್ಯ. ಕೆನಡಾ ದೇಶದ ವಿದ್ವಾಂಸರು 1985ರಲ್ಲಿ ಒಂದು ವಿಚಿತ್ರವನ್ನು ಗಮನಕ್ಕೆ ತಂದರು. ಅಲ್ಲಿನ ಉತ್ತಮ ಹಾಕಿ ಆಟಗಾರರಲ್ಲಿ ಜನವರಿ, ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಹುಟ್ಟಿದವರ ಸಂಖ್ಯೆ ಅತಿಯಾಗಿಯೂ, ವರ್ಷದ ಕೊನೆಯಲ್ಲಿ ಹುಟ್ಟಿದವರ ಸಂಖ್ಯೆ ತೀರ ಕಡಿಮೆಯಾಗಿಯೂ ಇತ್ತು. ಇದರಲ್ಲಿ ಗ್ರಹಬಲವೇನೂ ಇಲ್ಲ. ಅಲ್ಲಿ ಮಕ್ಕಳ ವಯೋಮಿತಿಯನ್ನು ಜನವರಿ 1ರಿಂದ ಎಣಿಸುತ್ತಿದ್ದರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ನಿಂತಾಗ ಮೊದಲನೆಯವನು ಹನ್ನೊಂದು ತಿಂಗಳಷ್ಟು ದೊಡ್ಡವನು. ಎಳವೆಯಲ್ಲಿ ಹನ್ನೊಂದು ತಿಂಗಳೆಂದರೆ ಎರಡು ಅಂಗುಲ ಎತ್ತರ, ನಾಲ್ಕು ಹೆಜ್ಜೆ ವೇಗ. ದೊಡ್ಡವನನ್ನು ಆರಿಸಿದರು, ಆರಿಸಿದವನಿಗೆ ಒಳ್ಳೆಯ ತರಬೇತಿ, ಒಳ್ಳೆಯ ಅಂಗಳ, ಹೆಚ್ಚು ಪಂದ್ಯಗಳು ದೊರೆತವು, ಮರುವರ್ಷ ಅವನು ನಿಜವಾಗಿಯೂ ಉತ್ತಮನಾದನು. ಹುಟ್ಟಿದ ತಿಂಗಳನ್ನು ಪ್ರತಿಭೆಯೆಂದು ಓದಿದ ಬಗೆ ಇದು.

ಈ ಕಥೆಗೆ ಇನ್ನೊಂದು ಅಧ್ಯಾಯವೂ ಇದೆ. 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ನಾನು ಮೇಲೆ ಹೇಳಿದ ವಾರ್ಷಿಕ ಆಯ್ಕೆಯಲ್ಲಿ ಬಂದ ಕೆನಡಾದ ಆಟಗಾರರನ್ನು ಪರಿಶೀಲಿಸಿತು. ಜುಲೈಯಿಂದ ಡಿಸೆಂಬರಿನವರೆಗೆ ಹುಟ್ಟಿದವರು ಆಯ್ಕೆಯಾದವರಲ್ಲಿ ನೂರಕ್ಕೆ 34ರಷ್ಟು ಮಾತ್ರ. ಆದರೆ ಅವರೇ ನೂರಕ್ಕೆ 42ರಷ್ಟು ಪಂದ್ಯಗಳನ್ನಾಡಿ, ನೂರಕ್ಕೆ 44ರಷ್ಟು ಅಂಕಗಳನ್ನು ಗಳಿಸಿದ್ದರು. ಕಿರಿಯರೆಂದು ಕಡೆಗಣಿಸಲ್ಪಟ್ಟವರೊಳಗೆ ಹೆಚ್ಚಿನ ಕಸುವು ಅಡಗಿತ್ತು. ಕೋಟ್ಯಂತರ ಹಣ ಚೆಲ್ಲುವ, ಊರೂರಿಗೆ ಗುಣಪರೀಕ್ಷಕರನ್ನು ಕಳುಹಿಸುವ ತಂಡಗಳೇ ಇದನ್ನು ಕಾಣದೆಹೋದರೆ, ಒಂದೇ ದಿನದಲ್ಲಿ ನೂರಾರು ಮಕ್ಕಳನ್ನು ಓಡಿಸಿ, ನೆಗೆಯಿಸಿ, ಚೆಂಡೆಸೆಯಿಸಿ ಪಟ್ಟಿ ತಯಾರಿಸುವ ನಮ್ಮ ತಾಲೂಕು ಜಿಲ್ಲಾ ಆಯ್ಕೆಗಳಲ್ಲಿ ಎಷ್ಟು ತೊಗರಿಯ ಸಸಿಗಳು ಕಿತ್ತುಹೋಗುತ್ತಿರಬಹುದೆಂಬುದನ್ನು ನೀವೇ ಊಹಿಸಿರಿ.

ನಮ್ಮ ಹಾಕಿಯ ಇತಿಹಾಸವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮೂರು ಒಲಿಂಪಿಕ್ ಸ್ವರ್ಣಪದಕಗಳ ಒಡೆಯನಾದ ಧ್ಯಾನಚಂದರು ಹಾಕಿಯನ್ನು ಮನಸ್ಸಿಟ್ಟು ಆಡತೊಡಗಿದ್ದು 1922ರಲ್ಲಿ ಸೈನ್ಯವನ್ನು ಸೇರಿದ ಮೇಲೆ. ಕೊಡಗಿನ ಎಂ. ಪಿ. ಗಣೇಶರು ಎಳವೆಯಲ್ಲಿ ಹೆಸರು ಮಾಡಿದ್ದು ಕಾಲ್ಚೆಂಡಿನಲ್ಲಿ. ಸೈನ್ಯವನ್ನು ಸೇರಿ ಹಾಕಿ ಕೋಲನ್ನು ಹಿಡಿದ ಅವರು 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದ ತಂಡದಲ್ಲಿ ಆಡಿ, 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾದರು. ಕೇರಳದ ಪಿ. ಆರ್. ಶ್ರೀಜೇಶ್ ಕ್ರೀಡಾಶಾಲೆಯನ್ನು ಸೇರಿದಾಗ ಗುಂಡೆಸೆಯುತ್ತಿದ್ದ ಬಾಲಕ. ಗೋಲು ಕಾಯಲು ನಿಲ್ಲೆಂದು ತರಬೇತುದಾರರು ಹೇಳದಿದ್ದರೆ, 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸಿನಲ್ಲಿಯೂ ಭಾರತಕ್ಕೆ ಕಂಚನ್ನು ಉಳಿಸಿಕೊಟ್ಟ ಆ ಕೈಗಳು ಮತ್ತಾವುದೋ ಕೆಲಸದಲ್ಲಿ ಕಳೆದುಹೋಗುತ್ತಿದ್ದವು. ಹನ್ನೆರಡನೆಯ ವಯಸ್ಸಿನಲ್ಲಿ ಇವರನ್ನು ಹಾಕಿಯ ಪಟ್ಟಿಯಲ್ಲಿ ಹುಡುಕಿದ್ದರೆ ಯಾರಿಗೂ ಸಿಕ್ಕುತ್ತಿರಲಿಲ್ಲ.

ಆಟದ ಹೊರಗೂ ಈ ಮಾತು ನಿಜ. ಚೀಕಲಪರ್ವಿಯಲ್ಲಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ದಾಸಪ್ಪನೆಂಬ ಹುಡುಗನು ಬಡತನವನ್ನು ತಾಳಲಾರದೆ ಊರು ಬಿಟ್ಟು ಹೋದನೆಂದು ಹೇಳುತ್ತಾರೆ. ಅಂದಿನ ಊರಿನ ಕಟ್ಟೆಯ ಮೇಲೆ ಅವನ ಭವಿಷ್ಯವನ್ನು ಕುರಿತು ವಾದ ನಡೆದಿದ್ದರೆ, ಅವನ ಪರವಾಗಿ ಮಾತನಾಡುವವರು ಎಷ್ಟು ಮಂದಿ ಇರುತ್ತಿದ್ದರು? ಆ ದಾಸಪ್ಪನೇ ವಿಜಯದಾಸರಾಗಿ, ಸುಳಾದಿಗಳ ರಚನೆಯಲ್ಲಿ ಅಗ್ರಗಣ್ಯರೆನಿಸಿ, ಗೋಪಾಲದಾಸರಂಥ ಶಿಷ್ಯರನ್ನು ಪಡೆದು, ರಾಯಚೂರು ಸೀಮೆಯನ್ನು ದಾಸಸಾಹಿತ್ಯದ ತವರನ್ನಾಗಿ ಮಾಡಿದರು. ಮಾನ್ವಿಯ ಜಗನ್ನಾಥದಾಸರು ಮೊದಲು ಸಂಸ್ಕೃತ ಪಾಂಡಿತ್ಯದ ಹೆಮ್ಮೆಯಿಂದ ವಿಜಯದಾಸರನ್ನು ಲಕ್ಷಿಸಲಿಲ್ಲವೆಂದೂ, ಅನಂತರ ಅವರ ಹಿರಿಮೆಯನ್ನು ಅರಿತು ಅದೇ ಪರಂಪರೆಗೆ ಸೇರಿದರೆಂದೂ ಐತಿಹ್ಯವಿದೆ. ಪಂಡಿತನ ಅಳತೆಗೋಲಿಗೂ ಸಿಕ್ಕದ ಗುಣಗಳು ಮನುಷ್ಯನಲ್ಲಿರುತ್ತವೆ ಎಂಬುದನ್ನು ಈ ಐತಿಹ್ಯವು ನೆನಪಿಸುತ್ತದೆ.

ಹಾಗಾದರೆ ಭವಿಷ್ಯವನ್ನು ಯಾರೂ ಅರಿಯಲಾರರೆಂದು ಚರ್ಚೆಯನ್ನೇ ನಿಲ್ಲಿಸಬೇಕೆ? ಕೂಡದು. ಆಯ್ಕೆಯು ಕೆಲವರ ಕೈಯಲ್ಲಿರುತ್ತದೆ. ಕೆಲವರ ಕೈಯಲ್ಲಿರುವುದನ್ನು ಹಲವರು ಕಣ್ಣಿಟ್ಟು ನೋಡುತ್ತಿರುವುದು ಒಳ್ಳೆಯದು. ವಶೀಲಿ, ಜಾತಿ, ಊರಿನ ಅಭಿಮಾನಗಳು ಪಟ್ಟಿಯೊಳಗೆ ನುಸುಳಬಾರದೆಂದರೆ ಕಾರಣವನ್ನು ಕೇಳುವವರು ಇರಲೇಬೇಕು. ಸೋಮವಾರಪೇಟೆಯ ಬಡಗಿಯೊಬ್ಬರ ಮಗನಾದ ಎಸ್. ವಿ. ಸುನಿಲ್ 2007ರಿಂದ ಭಾರತಕ್ಕಾಗಿ 250ಕ್ಕೂ ಹೆಚ್ಚು ಪಂದ್ಯಗಳನ್ನಾಡಿ, ಎರಡು ಒಲಿಂಪಿಕ್ಸುಗಳನ್ನು ಕಂಡ ಆಟಗಾರ. ಟೋಕಿಯೋಕ್ಕೆ ಹೊರಟ ತಂಡದಲ್ಲಿ ಆತನ ಹೆಸರಿರಲಿಲ್ಲ. ಆ ತಂಡವು ನಲವತ್ತೊಂದು ವರ್ಷಗಳ ಅನಂತರ ಪದಕವನ್ನು ತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುನಿಲ್ ನಿವೃತ್ತಿಯನ್ನು ಪ್ರಕಟಿಸಿದನು. ಹಿರಿಯನ ಅನುಭವ ಬೇಕೋ ಕಿರಿಯನ ಕಾಲು ಬೇಕೋ ಎಂದು ಕನ್ನಡಿಗರು ಅಂದು ವಾದಿಸಿದರೆ ತಪ್ಪೇನಿದೆ? ತಂಡವು ಗೆದ್ದಿತು ಎಂಬ ಮಾತ್ರಕ್ಕೆ ಆ ಪ್ರಶ್ನೆಯು ಅಳಿಸಿಹೋಗುವುದಿಲ್ಲ. ಪ್ರೀತಿಯುಳ್ಳವನು ಕೇಳುತ್ತಾನೆ, ಉದಾಸೀನನು ಕೇಳುವುದಿಲ್ಲ.

ಆದರೆ ವಾದಕ್ಕೂ ಒಂದು ಮರ್ಯಾದೆಯುಂಟು. ನಾವು ಕಂಡದ್ದನ್ನು ಕಂಡಂತೆ ಹೇಳಬೇಕು; ಕೇಳಿದ್ದನ್ನು ಕಂಡೆವೆನ್ನಬಾರದು. ತಂಡಕ್ಕೆ ಬೇಕಾದುದೇನು, ಆಟಗಾರನಲ್ಲಿರುವುದೇನು ಎಂಬೆರಡನ್ನು ಬೇರೆ ಬೇರೆಯಾಗಿ ತೂಗಬೇಕು. ಮುಂದೆ ಏನನ್ನು ಕಂಡರೆ ನಮ್ಮ ಅಭಿಪ್ರಾಯವನ್ನು ಬದಲಿಸುವೆವು ಎಂಬುದನ್ನು ಮೊದಲೇ ಹೇಳಬಲ್ಲವನು ಒಳ್ಳೆಯ ವಾದಿ. ಏನು ಕಂಡರೂ ಬದಲಿಸೆನೆನ್ನುವವನು ಹಠಮಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಆಟವನ್ನು ಕುರಿತು ಮಾತನಾಡಬೇಕೇ ಹೊರತು ಆಡುವವನ ಬದುಕಿನ ಮೇಲೆ ತೀರ್ಪು ಕೊಡಬಾರದು. “ಈ ಹುಡುಗಿಯ ಎಡಗಡೆಯ ಹೊಡೆತವು ಇನ್ನೂ ಹದವಾಗಿಲ್ಲ” ಎಂಬುದು ವಿಮರ್ಶೆ. “ಇವಳಿಂದ ಏನೂ ಆಗುವುದಿಲ್ಲ” ಎಂಬುದು ಶಾಪ. ವಿಮರ್ಶೆಯು ಮಗುವಿಗೆ ನಾಳೆಯ ಕೆಲಸವನ್ನು ತೋರಿಸುತ್ತದೆ. ಶಾಪವು ನಾಳೆಯನ್ನೇ ಕಸಿದುಕೊಳ್ಳುತ್ತದೆ.

“ಕ್ರೀಡಾ ವಸತಿನಿಲಯಗಳಲ್ಲಿ ಇರುವ ಸ್ಥಳವೇ ಕೆಲವು; ಬರುವವರು ನೂರಾರು. ಆರಿಸದೆ ಗತಿಯಿಲ್ಲ” ಎಂದು ಅಧಿಕಾರಿಗಳು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಆರಿಸಲಿ, ಆದರೆ ಒಮ್ಮೆ ಆರಿಸಿ ಬಾಗಿಲನ್ನು ಮುಚ್ಚದಿರಲಿ. ಐದನೆಯ ತರಗತಿಯಲ್ಲಿ ಬಿಟ್ಟುಹೋದವನನ್ನು ಎಂಟರಲ್ಲಿ ನೋಡಲಿ; ಎಂಟರಲ್ಲಿ ಬಿಟ್ಟುಹೋದವಳನ್ನು ಹತ್ತರ ಅನಂತರ ನೋಡಲಿ. ಪಟ್ಟಿಯನ್ನು ಮಾಡುವಾಗ ಮಗುವಿನ ಎತ್ತರದ ಪಕ್ಕದಲ್ಲಿ ಅದು ಹುಟ್ಟಿದ ತಿಂಗಳನ್ನೂ ಬರೆದಿಟ್ಟು ನೋಡಲಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ತಾಳ್ಮೆ ಬೇಕು.

ಇನ್ನೊಂದು ದಾರಿಯನ್ನು ಕೊಡಗಿನವರು ನಮಗೆ ತೋರಿಸಿಕೊಟ್ಟಿದ್ದಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬವನ್ನು ಪ್ರಾರಂಭಿಸಿದಾಗ ಸೇರಿದ್ದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬವು ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿ, ಅದು ಗಿನ್ನೆಸ್ ದಾಖಲೆಗೆ ಸೇರಿತು. ಒಂದೊಂದು ತಂಡವೂ ಒಂದೊಂದು ಮನೆತನ. ಅಲ್ಲಿ ಅಜ್ಜನೂ ಮೊಮ್ಮಗನೂ, ಸೊಸೆಯೂ ಮಗಳೂ ಒಂದೇ ಅಂಗಳದಲ್ಲಿ ಕೋಲು ಹಿಡಿದು ನಿಲ್ಲಬಹುದು. ಇಷ್ಟು ಚಿಕ್ಕ ಜಿಲ್ಲೆಯಿಂದ ಇಷ್ಟೊಂದು ಹಾಕಿಪಟುಗಳು ಬಂದುದಕ್ಕೆ ಆಯ್ಕೆಗಾರರ ದಿವ್ಯದೃಷ್ಟಿಯು ಕಾರಣವಲ್ಲ. ಆಡುವವರ ಸಂಖ್ಯೆಯೇ ಕಾರಣವೆಂದು ನನ್ನ ನಂಬುಗೆ. ಬಿತ್ತನೆ ವಿಶಾಲವಾದಲ್ಲಿ ಮೊಳಕೆಯನ್ನು ನೋಡಿ ಭವಿಷ್ಯ ನುಡಿಯುವ ಅಗತ್ಯವು ಕಡಿಮೆಯಾಗುತ್ತದೆ. ನಮ್ಮ ರಾಯಚೂರು ಸೀಮೆಯ ಪ್ರತಿಯೊಂದು ಶಾಲೆಯಲ್ಲಿ ತಂಡಕ್ಕೆ ಆಯ್ಕೆಯಾಗದ ಮಕ್ಕಳಿಗಾಗಿಯೇ ವಾರಕ್ಕೆರಡು ದಿನ ಆಟದ ಪಂದ್ಯಗಳು ನಡೆಯುವಂತಾದರೆ, ಅದರಿಂದಾಗುವ ಲಾಭವು ಎಷ್ಟೋ ಆಯ್ಕೆ ಶಿಬಿರಗಳಿಂದಲೂ ಆಗಲಾರದು. ಕಬಡ್ಡಿಗೆ ಬೇಕಾದುದು ಒಂದಿಷ್ಟು ಮೆತ್ತನೆಯ ಮಣ್ಣು. ಖೋ ಖೋಗೆ ಎರಡು ಕಂಬಗಳು. ಅಷ್ಟನ್ನು ಒದಗಿಸಲಾರದ ಬಡ ಊರು ಯಾವುದೂ ಇಲ್ಲ.

ಕಿರಿಯ ಮಿತ್ರರೇ, ನಿಮ್ಮಲ್ಲಿ ಕೆಲವರು ಈ ವರ್ಷ ತಾಲೂಕು ತಂಡಕ್ಕೋ ಜಿಲ್ಲಾ ತಂಡಕ್ಕೋ ಆಯ್ಕೆಯಾಗುವಿರಿ. ಆಯ್ಕೆಯು ನಿಮ್ಮ ಮೇಲೆ ಊರು ಇಟ್ಟ ನಂಬುಗೆ. ಅದನ್ನು ಗಳಿಕೆಯೆಂದು ತಿಳಿಯದೆ ಸಾಲವೆಂದು ತಿಳಿದು ದುಡಿಯಿರಿ. ನಿಮ್ಮಲ್ಲಿ ಹೆಚ್ಚಿನವರು ಆಯ್ಕೆಯಾಗುವುದಿಲ್ಲ. ಫಲಕದ ಮೇಲೆ ಅಂಟಿಸಿದ ಕಾಗದದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ, ಆ ದಿನ ಆ ವೇಳೆಯಲ್ಲಿ ಮೂರು ನಾಲ್ಕು ಮಂದಿ ಹಿರಿಯರು ಕಂಡದ್ದು ಇಷ್ಟು ಎಂಬುದಷ್ಟೇ ಅದರ ಅರ್ಥ. ಸಂಜೆ ಗಂಟೆ ಬಾರಿಸಿದ ಮೇಲೆ ಅಂಗಳಕ್ಕೆ ಇಳಿಯುವುದನ್ನು ಆ ಕಾಗದವು ತಡೆಯಲಾರದು. ತೊಗರಿಯ ಕಾಲ ಇನ್ನೂ ಮುಂದಿದೆ.